ಉಪ್ಸಾಲಾಕ್ಕೆ ಹೋದ ಮೈಸೂರು ಪೇಟ

ಆರ್ಲಾಂಡಾ ವಿಮಾನ ನಿಲ್ದಾಣ

ಮೈಸೂರು ಪೇಟವನ್ನು ಮಡಿಸಲು ಬರುವುದಿಲ್ಲ. ಶಾಲನ್ನು ಮಡಿಸಬಹುದು, ಗಂಧದ ಹಾರವನ್ನು ಸುತ್ತಿಡಬಹುದು, ಸ್ಮರಣಿಕೆಯನ್ನು ಸೀರೆಗಳ ನಡುವೆ ತೂರಿಸಬಹುದು. ಪೇಟ ಮಾತ್ರ ಮೊದಲ ದೀಪಾವಳಿಗೆ ಬಂದ ಅಳಿಯನ ಹಾಗೆ, ಅದಕ್ಕೆ ಬೇರೆ ಜಾಗವೇ ಬೇಕು. ಗದಗಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಸ್ವೀಡನ್ನಿಗೆ ಅದನ್ನು ರಟ್ಟಿನ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಕೂರಿಸಿಕೊಂಡೇ ಬಂದೆ. ಪಕ್ಕದ ಸೀಟಿನ ಜರ್ಮನ್ ಅಜ್ಜ ಅದನ್ನು ಕೇಕು ಎಂದುಕೊಂಡು ಊಟದ ನಂತರವೂ ಆಸೆಯಿಂದ ನೋಡುತ್ತಿದ್ದರು.

ಆರ್ಲಾಂಡಾದಲ್ಲಿ ಕಸ್ಟಮ್ಸ್ ಅಧಿಕಾರಿಯೊಬ್ಬ ಡಬ್ಬಿ ತೆರೆಸಿದ. ಚಿನ್ನದ ಬಣ್ಣದ ಅಂಚು, ಮೇಲೊಂದು ತುರಾಯಿ. ಅವನು ಬಹಳ ಹೊತ್ತು ನೋಡಿದ.

"ಇದು ಟೋಪಿಯೇ?"

"ಟೋಪಿಯಲ್ಲ. ಗೌರವ."

"ಯಾರಿಗೆ?"

"ಉಪ್ಸಾಲಾದಲ್ಲಿರುವ ಒಬ್ಬ ಹಿರಿಯ ಕವಿಗೆ. ನಾಳಿದ್ದು ತೊಡಿಸುತ್ತೇನೆ."

"ಅವರಿಗೆ ವಿಷಯ ಗೊತ್ತಿದೆಯೇ?"

"ಇಲ್ಲ. ಗೊತ್ತಾದರೆ ಏನು ಚೆಂದ?"

ಅವನು ಮುಚ್ಚಳ ಹಾಕಿ, ತುಂಬ ಮೆಲ್ಲನೆ "ಗುಡ್ ಲಕ್" ಎಂದ. ಎಷ್ಟು ಸೌಜನ್ಯದ ಜನ ಎಂದುಕೊಂಡು ನಾನು ಹೊರಗೆ ಬಂದೆ.

ನಾನು ಹೋಗಿದ್ದೇಕೆಂದು ಹೇಳಿಬಿಡುತ್ತೇನೆ. ಗದಗಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಪಾಠದಲ್ಲಿ ಬೇಸರವಾದಾಗೆಲ್ಲ ಆಫ್ರಿಕಾದ ಕವಿತೆಗಳನ್ನು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುವುದು ನನ್ನ ಚಟ. ಅಮೇಲಿಯಾ ಎಂಬಾಕೆಯ ಕವಿತೆಗಳು ನನ್ನನ್ನು ಹಿಡಿದು ಕೂರಿಸಿದ್ದವು. ಆಕೆ ಆಫ್ರಿಕಾದ ಪೂರ್ವ ಕರಾವಳಿಯವರು. ನಮ್ಮ ಪಕ್ಕದ ಗೋವೆಯನ್ನು ಆಳಿದ ಪೋರ್ಚುಗೀಸರೇ ಆಕೆಯ ನಾಡನ್ನೂ ಆಳಿದ್ದರು. ಹುಡುಗಿಯಾಗಿದ್ದಾಗ ಗುಟ್ಟಾಗಿ ಬರೆದ ಪದ್ಯಗಳು ಪೊಲೀಸರ ಕೈಗೆ ಸಿಕ್ಕು, ಆಕೆ ಊರು ಬಿಟ್ಟು ಕೊನೆಗೆ ಸ್ವೀಡನ್ ಸೇರಿದವರು. ನನ್ನ ಅನುವಾದದ ಪುಸ್ತಕ ಸಿದ್ಧವಾಗಿತ್ತು. ಆದರೆ ಕವಿಯ ಒಪ್ಪಿಗೆ ಇಲ್ಲದೆ ಅಚ್ಚು ಹಾಕುವುದಿಲ್ಲವೆಂದು ಧಾರವಾಡದ ಪ್ರಕಾಶಕರು ಹಟ ಹಿಡಿದಿದ್ದರು. ಬರೆದು ಕೇಳಿದರೆ ಅಮೇಲಿಯಾ ಅವರದು ಒಂದೇ ಉತ್ತರ: "ಭೇಟಿಯಾದಾಗ ಮಾತಾಡೋಣ." ಅಷ್ಟರಲ್ಲಿ ಉಪ್ಸಾಲಾದ ಒಂದು ಓದುಗರ ಬಳಗ, ವಸಾಹತು ಕಾಲದ ಆಫ್ರಿಕನ್ ಕಾವ್ಯದ ಬಗ್ಗೆ ಸಂಜೆ ಏರ್ಪಡಿಸಿದ್ದೇವೆ, ಆಕೆಯೂ ಬರುತ್ತಾರೆ, ನೀವು ಬಂದು ಕನ್ನಡದಲ್ಲಿ ಓದುತ್ತೀರಾ ಎಂದು ಕೇಳಿತು. ಅದು 2016ರ ಸೆಪ್ಟೆಂಬರ್. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬರಿಗೈಯಲ್ಲಿ ಹೋಗಬೇಡಿ ಎಂದು ನಮ್ಮ ಕಾಲೇಜಿನವರು ಸನ್ಮಾನದ ಸಾಮಗ್ರಿಯನ್ನು ಪೂರ್ತಿ ಕಟ್ಟಿಕೊಟ್ಟರು.

ಉಪ್ಸಾಲಾ, ರುಕ್ಸಾನಾಳ ಮನೆ

ಉಳಿದುಕೊಂಡಿದ್ದು ನನ್ನ ಹಳೆಯ ವಿದ್ಯಾರ್ಥಿನಿ ರುಕ್ಸಾನಾಳ ಮನೆಯಲ್ಲಿ. ಅವಳು ಇಲ್ಲೊಂದು ಔಷಧಿ ಕಂಪನಿಯಲ್ಲಿದ್ದಾಳೆ, ಗಂಡ ಬೇರೆ ಊರಿಗೆ ಕೆಲಸದ ಮೇಲೆ ಹೋಗಿದ್ದ. ಇಲ್ಲಿರುವ ಬೆಂಗಳೂರಿನವರ ನಡುವೆ ಇದ್ದು ಇದ್ದು ಅವಳ ಗದಗಿನ ಕನ್ನಡಕ್ಕೆ ಇಸ್ತ್ರಿ ಬಿದ್ದಿತ್ತು. ಆದರೆ ಬಾಗಿಲು ತೆರೆದು ನನ್ನ ಮುಖ ಕಂಡದ್ದೇ, "ಬರ್ರಿ ಮೇಡಂ, ಬರ್ರಿ, ಎಷ್ಟು ಸೊರಗೀರಿ!" ಎಂದಳು. ನಾನು ಸೊರಗಿರಲಿಲ್ಲ. ಆದರೂ ಕೇಳಿ ಕಿವಿ ತಂಪಾಯಿತು.

ಅವಳ ಮಗಳು ಸಾರಾಳಿಗೆ ಹದಿನಾರು. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬೆಳೆದದ್ದೆಲ್ಲ ಇಲ್ಲಿ. ಅವಳು ಬಂದು ಕೈಕುಲುಕಿ, "ಹಾಯ್, ನಿಮ್ಮ ಹೆಸರೇನು?" ಎಂದಳು.

"ಸುಮಿತ್ರಾ."

"ಓಕೆ ಸುಮಿತ್ರಾ, ನಿಮ್ಮ ಬ್ಯಾಗ್ ನಾನು ತಗೋತೀನಿ."

ರುಕ್ಸಾನಾ ಬೆಚ್ಚಿಬಿದ್ದಳು. "ಏಯ್, ನನ್ನ ಮೇಡಂ ಅವರು! ಹೆಸರು ಹಿಡಿದು ಕರೀತಾರಾ?"

"ಅಮ್ಮಿ, ನಾನು ನನ್ನ ಪ್ರಿನ್ಸಿಪಾಲನ್ನೂ ಹೆಸರು ಹಿಡಿದೇ ಕರೆಯೋದು. ಮತ್ತೆ ಹೆಸರು ಯಾಕೆ ಇಟ್ಕೊಂಡಿದ್ದಾರೆ?"

ಗದಗಿನಲ್ಲಿ ನನ್ನ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಯಾರ ಬಾಯಲ್ಲಾದರೂ ಅದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ನನಗೆ ಖುಷಿಯಾಯಿತು ಎಂದು ರುಕ್ಸಾನಾಳ ಮುಂದೆ ಹೇಳಿಕೊಳ್ಳಲಿಲ್ಲ. ಅಂದಿನಿಂದ ತಾಯಿ ಎದುರಿಗಿದ್ದರೆ ನಾನು ಆಂಟಿ, ಇಲ್ಲದಿದ್ದರೆ ಸುಮಿತ್ರಾ.

ಮರುದಿನ ಸಾರಾ ನನ್ನನ್ನು ಊರು ತೋರಿಸಲು ಕರೆದೊಯ್ದಳು. ಸೈಕಲ್ಲುಗಳೇ ಸೈಕಲ್ಲುಗಳು. ನಾನು ಸೀರೆ ಎತ್ತಿ ಹಿಡಿದು ಅವುಗಳ ದಾರಿಯಲ್ಲೇ ನಡೆಯುತ್ತಿದ್ದೆ ಎಂದು ಅರ್ಧ ಊರು ಗಂಟೆ ಬಾರಿಸಿದ ಮೇಲೆ ತಿಳಿಯಿತು. ಬಸ್ ನಿಲ್ದಾಣದಲ್ಲಿ ಜನ ಒಬ್ಬರಿಂದೊಬ್ಬರು ಒಂದೊಂದು ಮಾರು ದೂರ ನಿಂತಿದ್ದರು. ಜಗಳವಾಗಿದೆಯೇನೋ ಎಂದುಕೊಂಡು ನಾನು ನಡುವೆ ಹೋಗಿ ನಿಂತೆ. ಅತ್ತಲವರು ಅತ್ತ ಸರಿದರು, ಇತ್ತಲವರು ಇತ್ತ. "ಸುಮಿತ್ರಾ, ಅದು ಕ್ಯೂ," ಎಂದಳು ಸಾರಾ.

ಮಧ್ಯಾಹ್ನ ಓದುಗರ ಬಳಗದವರ ಜೊತೆ ಫೀಕಾ. ಫೀಕಾ ಎಂದರೆ ಕಾಫಿ, ಕಾಫಿಯ ಜೊತೆ ಏನಾದರೂ ಸಿಹಿ, ಸಿಹಿಯ ಜೊತೆ ಅವಸರವಿಲ್ಲದ ಮಾತು. ತಟ್ಟೆಯಲ್ಲಿ ಕಡೆಗೆ ಒಂದು ದಾಲ್ಚಿನ್ನಿ ಬನ್ ಉಳಿಯಿತು. ಒಬ್ಬಾಕೆ ಅದನ್ನು ಅರ್ಧ ಕತ್ತರಿಸಿ ತೆಗೆದುಕೊಂಡರು. ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಮತ್ತೊಬ್ಬರು ಅದರಲ್ಲೂ ಅರ್ಧ. ಕೊನೆಗೆ ಉಗುರಿನಷ್ಟು ಚೂರು ಉಳಿದು, ಕೊನೆಯದನ್ನು ತಿಂದವರೆಂಬ ಅಪವಾದ ಯಾರಿಗೂ ತಟ್ಟಲಿಲ್ಲ. ನಮ್ಮ ಗದಗಿನಲ್ಲಿ ಕೊನೆಯ ಮಿರ್ಚಿಗೆ ಕೈಗಳು ಹೇಗೆ ಹಾರುತ್ತವೆಂದು ವಿವರಿಸಿದೆ. ಎಲ್ಲರೂ ನಕ್ಕರು. ಚೂರು ಅಲ್ಲೇ ಇತ್ತು. ನಾನೇ ತಿಂದೆ.

ಸಂಜೆ ಮನೆಯಲ್ಲಿ ಓದಿನ ತಾಲೀಮು ಮಾಡಿಕೊಳ್ಳುತ್ತಿದ್ದಾಗ ಸಾರಾ ಬಂದು ಕೇಳಿಸಿಕೊಂಡಳು. ಕನ್ನಡ ಓದಲು ಅವಳಿಗೆ ಬಾರದು, ಕೇಳಿದರೆ ಅರ್ಥವಾಗುತ್ತದೆ.

ಅಪ್ಪನ ತಲೆಗೆ ದೊರೆಗಳು ಟೋಪಿ ಇಟ್ಟರು,
ಟೋಪಿಯ ಕೆಳಗೆ ಅಪ್ಪ ಕಾಣದಾದ.
ಹತ್ತಿಯ ಹೊಲದಲ್ಲಿ ಊರೆಲ್ಲ ಬಗ್ಗಿತ್ತು,
ಅಪ್ಪನೊಬ್ಬನೇ ನೆಟ್ಟಗೆ ನಿಂತಿದ್ದ,
ಟೋಪಿ ಬೀಳದಿರಲೆಂದು.
ಬಿಡುಗಡೆಯೇ, ಬರುವುದಾದರೆ ಬರಿದಲೆಯಲ್ಲಿ ಬಾ.
ನಿನ್ನ ಗುರುತು ಹಿಡಿಯಲು ನನಗೆ ಬೇರೆ ದಾರಿಯೇನಿದೆ?

ಮೊದಲು 'ಟೋಪಿ ಹಾಕಿದರು' ಎಂದೇ ಬರೆದಿದ್ದೆ. ತರಗತಿಯಲ್ಲಿ ಹುಡುಗಿಯರು ಕಿಸಕ್ಕೆಂದರು, 'ಇಟ್ಟರು' ಎಂದು ತಿದ್ದಿದೆ. ಸಾರಾ ನಗಲಿಲ್ಲ. "ನೆಟ್ಟಗೆ ನಿಂತಿದ್ದ, ಟೋಪಿ ಬೀಳಬಾರದು ಅಂತ. ಪಾಪ," ಎಂದಳು. ನಾನು ಡಬ್ಬಿ ತೆರೆದು ಪೇಟದ ತುರಾಯಿ ಸರಿಪಡಿಸಿದೆ.

ಗ್ರಂಥಾಲಯ

ಕಾರ್ಯಕ್ರಮ ಹೇಳಿದ ಸಮಯಕ್ಕೇ ಶುರುವಾಯಿತು. ಇದನ್ನು ಕನ್ನಡಿಗರು ನಂಬುವುದು ಕಷ್ಟ. ಪ್ರಾರ್ಥನೆಯಿಲ್ಲ, ದೀಪ ಬೆಳಗುವುದಿಲ್ಲ, ಪ್ರಾಸ್ತಾವಿಕ ನುಡಿಯಿಲ್ಲ, ವೇದಿಕೆಯೇ ಇಲ್ಲ. ಪುಸ್ತಕದ ಕಪಾಟುಗಳ ನಡುವೆ ಒಂದಷ್ಟು ಕುರ್ಚಿ, ಕುರ್ಚಿಗಳಲ್ಲಿ ಸ್ವೆಟರ್ ತೊಟ್ಟ ಜನ. ಅಮೇಲಿಯಾ ಮುಂದಿನ ಸಾಲಿನಲ್ಲಿದ್ದರು. ಎಂಬತ್ತರ ಹತ್ತಿರದ, ಪುಟ್ಟ ದೇಹದ, ಬೆಳ್ಳಗಿನ ಕುರುಚಲು ಕೂದಲಿನ ಹೆಂಗಸು.

ಒಬ್ಬರು ರೈಲು ಹಳಿ ಹಾಕುತ್ತ ಸತ್ತವರ ಬಗೆಗಿನ ಕವಿತೆ ಓದಿದರು. ಇನ್ನೊಬ್ಬರು, ತನ್ನ ಭಾಷೆಯಲ್ಲಿ ಮಾತಾಡಿದ್ದಕ್ಕೆ ಶಾಲೆಯಲ್ಲಿ ಏಟು ತಿಂದ ಮಗುವಿನ ಕವಿತೆ. ಪ್ರತಿ ಕವಿತೆ ಮುಗಿದಾಗಲೂ ಮೌನ. ನಮ್ಮಲ್ಲಾದರೆ ಎರಡನೇ ಸಾಲಿಗೇ 'ಆಹಾ' ಹೊರಡುತ್ತದೆ, ಮೂರನೆಯದಕ್ಕೆ 'ಇನ್ನೊಮ್ಮೆ'. ಇಲ್ಲಿ ಒಬ್ಬರೂ ಕೆಮ್ಮುವುದಿಲ್ಲ. ಪದ್ಯ ಹಿಡಿಸಲಿಲ್ಲವೇನೋ ಎಂದು ನನಗೆ ಕಳವಳ. ಆಮೇಲೆ ಅಮೇಲಿಯಾ ಎದ್ದು ತಮ್ಮ ಊರಿನ ಭಾಷೆಯಲ್ಲೇ ಒಂದು ಪದ್ಯ ಹೇಳಿದರು. ಒಂದು ಶಬ್ದ ತಿಳಿಯದಿದ್ದರೂ 'ಆಹಾ' ಎನ್ನುವುದು ನನಗೇ ಮರೆತುಹೋಯಿತು. ಆಗ ಆ ಮೌನವೂ ಸರಿಯೆನಿಸಿತು.

ಕೊನೆಯಲ್ಲಿ ನಾನು ಅಪ್ಪನ ಟೋಪಿಯ ಕವಿತೆಯನ್ನು ಕನ್ನಡದಲ್ಲಿ ಓದಿದೆ. ಅಮೇಲಿಯಾ ಕಣ್ಣು ಮುಚ್ಚಿ ಕೇಳಿದರು. ನನ್ನ ಎದೆ ಉಬ್ಬಿತು. ಇನ್ನು ತಡೆಯುವುದುಂಟೇ? "ಒಂದು ನಿಮಿಷ, ದಯವಿಟ್ಟು," ಎಂದು ಕುರ್ಚಿಯ ಕೆಳಗಿನಿಂದ ಡಬ್ಬಿ ತೆಗೆದೆ. "ನಮ್ಮ ನಾಡಿನಲ್ಲಿ ದೊಡ್ಡವರನ್ನು ಗೌರವಿಸುವ ಕ್ರಮ ಇದು," ಎಂದು ಅಮೇಲಿಯಾ ಅವರನ್ನು ಎಬ್ಬಿಸಿ ನಿಲ್ಲಿಸಿ ಶಾಲು ಹೊದಿಸಿದೆ, ಹಾರ ಹಾಕಿದೆ, ಪೇಟ ಇಟ್ಟೆ. ಪೇಟ ಸ್ವಲ್ಪ ದೊಡ್ಡದಾಯಿತು, ಕನ್ನಡಕದ ತನಕ ಇಳಿಯಿತು. ನಾನೇ ಮೇಲೆತ್ತಿ ಕೂರಿಸಿ, ಚಪ್ಪಾಳೆ ತಟ್ಟಿ, ಫೋಟೊ ತೆಗೆದೆ. ಚಪ್ಪಾಳೆ ನನ್ನದೊಂದೇ ಕೇಳಿಸಿತು.

ಅಮೇಲಿಯಾ ಕತ್ತು ಅಲುಗಿಸದೆ ನೆಟ್ಟಗೆ ನಿಂತಿದ್ದರು. ಭಾವುಕರಾದರು ಪಾಪ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಎರಡೂ ಕೈಯಿಂದ ಪೇಟವನ್ನು ತೆಗೆದು ಕುರ್ಚಿಯ ಮೇಲಿಟ್ಟರು. ಹಾರ, ಶಾಲು ಅದರ ಪಕ್ಕಕ್ಕೆ. ಸ್ವೀಡಿಷ್‌ನಲ್ಲಿ ಚಿಕ್ಕದೊಂದು ಮಾತು ಹೇಳಿ ಹೊರಟುಹೋದರು. ಜನ ಸದ್ದಿಲ್ಲದೆ ಕಾಫಿಯ ಕಡೆ ನಡೆದರು.

"ಏನಂದ್ರವ್ವಾ? ತುಂಬಾ ಖುಷಿಯಾತು ಅಂದ್ರೇನು?" ಎಂದು ನನ್ನ ಜೊತೆ ಬಂದಿದ್ದ ಸಾರಾಳನ್ನು ಕೇಳಿದೆ.

ಅವಳ ಮುಖ ಕೆಂಪಾಗಿತ್ತು. "ಇಲ್ಲ. 'ಓದು ಮುಗಿಯಿತು' ಅಂದ್ರು."

ಮನೆಗೆ ವಾಪಸು

ಬಸ್ಸಿನಲ್ಲಿ ಸಾರಾ ಇಬ್ಬರ ಟಿಕೆಟ್ಟನ್ನೂ ತೋರಿಸಿ ಬಂದು ಕೂತಳು. ಆಮೇಲೆ, "ಸುಮಿತ್ರಾ, ಅವರನ್ನ ಕೇಳಿದ್ರಾ ನೀವು?" ಎಂದಳು.

"ಸನ್ಮಾನ ಮಾಡೋಕೆ ಯಾರಾದ್ರೂ ಕೇಳ್ತಾರೇನವ್ವಾ?"

"ಇಲ್ಲಿ ಡೆಂಟಿಸ್ಟ್ ಕೂಡ ಹಲ್ಲು ಮುಟ್ಟೋಕೆ ಮುಂಚೆ ಕೇಳ್ತಾರೆ. ನೀವು ಅವರ ತಲೆ ಮೇಲೇ ಕೈ ಹಾಕಿದ್ರಿ. ಅದೂ ಆ ಕವಿತೆ ಓದಿ ಆದ ತಕ್ಷಣ."

"ಆ ಕವಿತೆ ಓದಿದ್ರೆ ಏನಾತು?"

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡಳು.

ಆಗ ಹೊಳೆಯಿತು. ಹೊಳೆದ ಕೂಡಲೇ ಬಸ್ಸಿನ ಸೀಟಿನೊಳಗೇ ಇಳಿದುಹೋಗಬಾರದೇ ಅನ್ನಿಸಿತು. ದೊರೆಗಳು ತಲೆಗೆ ಟೋಪಿಯಿಟ್ಟರು ಎಂದು ಅತ್ತು ಬರೆದ ಮಗಳ ತಲೆಗೆ, ಆ ಸಾಲುಗಳನ್ನು ನಾನೇ ನನ್ನ ಬಾಯಿಂದ ಓದಿ ಮುಗಿಸಿ, ಜರಿಯ ಪೇಟ ಇಟ್ಟಿದ್ದೆ! ಒಂದೊಂದು ಶಬ್ದಕ್ಕೂ ವಾರಗಟ್ಟಲೆ ಒದ್ದಾಡಿದವಳಿಗೆ ಒಟ್ಟು ಪದ್ಯವೇ ತಲೆಗೆ ಹೋಗಿರಲಿಲ್ಲ. ಬ್ರಿಟಿಷರಿಂದ ರಾವ್ ಸಾಹೇಬ ಎಂಬ ಬಿರುದು, ಅದರ ಜೊತೆಗೊಂದು ಶಾಲು ಪಡೆದ ಹಿರಿಯರೊಬ್ಬರ ಫೋಟೊ ನಮ್ಮ ತಾಯಿಯ ತವರಿನಲ್ಲಿ ಇಂದಿಗೂ ಗೋಡೆಯ ಮೇಲಿದೆ. ಅದನ್ನು ತೋರಿಸುತ್ತ ನಾವು ಹೆಮ್ಮೆ ಪಡುತ್ತೇವೆ. ಶಾಲು ಎಂದರೆ ನಮಗೆ ಮರ್ಯಾದೆ. ಅದರ ಇನ್ನೊಂದು ಮಗ್ಗುಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಪುಸ್ತಕದ ಕಥೆ ಮುಗಿಯಿತು ಎಂದುಕೊಂಡೆ. ರುಕ್ಸಾನಾ ಬಿಸಿ ಬಿಸಿ ಚಪಾತಿ ಬಡಿಸುತ್ತ, "ಈಗಿಂದೀಗಲೇ ಅವರ ಮನೆಗೆ ಹೋಗಿ ಕೈ ಮುಗಿದುಬಿಡೋಣ ಮೇಡಂ," ಎಂದಳು. ಸಾರಾ ಹೌಹಾರಿದಳು. "ಅಮ್ಮಿ! ಹೇಳದೇ ಮನೆಗೆ ಹೋಗೋದಾ? ಅದು ಇನ್ನೂ ಕೆಟ್ಟದ್ದು!" ಕೊನೆಗೆ ಅವಳೇ ನನ್ನ ಪಕ್ಕ ಕೂತು ಮೆಸೇಜು ಬರೆಸಿದಳು. ತಪ್ಪಾಯಿತು, ಕೇಳದೆ ಮಾಡಿದೆ, ಭೇಟಿಯಾಗಬಹುದೇ ಎಂದಷ್ಟೇ. ನಾನು ಸೇರಿಸಿದ 'ಪೂಜ್ಯ', 'ತಮ್ಮ ಪಾದಾರವಿಂದ' ಇತ್ಯಾದಿಗಳನ್ನೆಲ್ಲ ಅವಳು ಅಳಿಸಿದಳು.

ಬೆಳಿಗ್ಗೆ ಉತ್ತರ ಬಂತು. "ಮಧ್ಯಾಹ್ನ ಬನ್ನಿ. ಏನೂ ತರಬೇಡಿ."

ಅಮೇಲಿಯಾ ಅವರ ಮನೆ

ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ಎಷ್ಟು ಕಷ್ಟವೆಂದು ಆ ದಿನ ಗೊತ್ತಾಯಿತು. ದಾರಿಯಲ್ಲಿ ಹಣ್ಣಿನ ಅಂಗಡಿ ಕಂಡಾಗೆಲ್ಲ ಸಾರಾ ನನ್ನ ತೋಳು ಹಿಡಿದು ಮುಂದೆ ನಡೆಸಿದಳು.

ನದಿಯ ದಂಡೆಯ ಹತ್ತಿರ ಚಿಕ್ಕದೊಂದು ಫ್ಲಾಟು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಇದೊಂದರಲ್ಲಾದರೂ ಸ್ವೀಡನ್ನೂ ಗದಗೂ ಒಂದೇ. ಅಮೇಲಿಯಾ ಕಾಫಿ ತಂದಿಟ್ಟರು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಕೈಯಾಡಿಸಿ ತಡೆದರು.

"ನನ್ನಪ್ಪ ಊರಿನ ಮುಖ್ಯಸ್ಥ," ಎಂದರು ಇಂಗ್ಲಿಷಿನಲ್ಲಿ. "ಒಂದು ದಿನ ಪೋರ್ಚುಗೀಸ್ ಅಧಿಕಾರಿ ಬಂದ. ಊರವರನ್ನೆಲ್ಲ ಸೇರಿಸಿ, ಅಪ್ಪನಿಗೆ ಹಿತ್ತಾಳೆ ಗುಂಡಿಯ ಕೋಟು ತೊಡಿಸಿ, ತಲೆಗೆ ಟೋಪಿ ಇಟ್ಟ. ಎಲ್ಲರೂ ಚಪ್ಪಾಳೆ ತಟ್ಟಬೇಕೆಂದು ಅಪ್ಪಣೆ. ನಾನೂ ತಟ್ಟಿದೆ. ಚಿಕ್ಕವಳು, ಅಪ್ಪ ಚೆಂದ ಕಾಣುತ್ತಿದ್ದಾನೆ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು. ಯಾರ ಹೊಲದಲ್ಲಿ ಹತ್ತಿ ಕಡಿಮೆ ಬಂತು ಅಂತ ಅಪ್ಪ ಹೇಳಬೇಕು. ಅಪ್ಪ ಯಾರ ಹೆಸರು ಹೇಳಿದನೋ ಅವರ ಅಂಗೈಗೆ ಮರದ ಹಲಗೆಯಲ್ಲಿ ಏಟು. ಅಪ್ಪ ಆ ಟೋಪಿಯನ್ನು ಎಲ್ಲಾದರೂ ಬಚ್ಚಿಡು ಅಂತ ಅಮ್ಮನ ಕೈಗೆ ಕೊಡುತ್ತಿದ್ದ. ಬೆಳಗಾದರೆ ತಾನೇ ಹುಡುಕುತ್ತಿದ್ದ."

ಕ್ಷಮಿಸಿ ಎಂದೆ. ಸಾರಾ ಅಳಿಸಿದ್ದ ವಿಶೇಷಣಗಳೆಲ್ಲ ಬಾಯಿಂದ ಬಂದುಬಿಟ್ಟವು.

"ನೀನು ಆ ಅಧಿಕಾರಿಯಲ್ಲ, ನನಗೆ ಗೊತ್ತು," ಎಂದರು ಅವರು. "ಆದರೆ ಕತ್ತು ತನ್ನಷ್ಟಕ್ಕೆ ಬಿಗಿಯಿತು. ಇರಲಿ. ನಿಮ್ಮ ನಾಡಿನಲ್ಲಿ ಇದನ್ನು ಯಾರಿಗೆ ತೊಡಿಸುತ್ತಾರೆ?"

"ಯಾರಿಗೆ ಬೇಕಾದರೂ. ಕವಿಗೆ, ಮಂತ್ರಿಗೆ, ನಿವೃತ್ತನಾದ ಗುಮಾಸ್ತನಿಗೆ. ಮೊದಲು ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾಗುತ್ತದೆ, ಆಮೇಲೆ ಅವರಿಗೆ ಫೋನು."

"ಬೇಡ ಅನ್ನುವವರಿಲ್ಲವೇ?"

"ಎಲ್ಲರೂ ಬೇಡ ಬೇಡ ಅನ್ನುತ್ತಾರೆ. ಅನ್ನುತ್ತಲೇ ತಲೆ ಬಗ್ಗಿಸುತ್ತಾರೆ."

"ಅಷ್ಟೊಂದು ಶಾಲು ಏನು ಮಾಡುತ್ತಾರೆ?"

"ಇನ್ನೊಬ್ಬರಿಗೆ ಹೊದಿಸುತ್ತಾರೆ. ನಮ್ಮ ಕಾಲೇಜಿನಲ್ಲಿ ಕೊಟ್ಟ ಶಾಲು ಊರೆಲ್ಲ ಸುತ್ತಿ ನಮ್ಮ ಕಾಲೇಜಿಗೇ ಮರಳಿ ಬಂದದ್ದುಂಟು. ಹೊರಡದೇ ಉಳಿದದ್ದು ಮಿಕ್ಸಿಯ ಮೇಲೆ ಮುಸುಕಾಗುತ್ತದೆ."

ಅಮೇಲಿಯಾ ನಗತೊಡಗಿದವರು ಕಪ್ಪು ಕೆಳಗಿಟ್ಟು ನಕ್ಕರು. ಪೇಟವನ್ನು ಗ್ರಂಥಾಲಯದವರು ಮಕ್ಕಳ ವೇಷದ ಪೆಟ್ಟಿಗೆಗೆ ಸೇರಿಸಿಕೊಂಡಿದ್ದಾರೆ, ಬೆಳಿಗ್ಗೆ ಕೇಳಿಕೊಂಡು ಫೋನು ಮಾಡಿದ್ದರು ಎಂದೂ ಹೇಳಿದರು. ಒಂದು ರಾಜ್ಯದ ಗೌರವ ಅಷ್ಟು ಹೊತ್ತಿಗೆ ಯಾವ ಸ್ವೀಡಿಷ್ ಮಗುವಿನ ತಲೆಯ ಮೇಲಿತ್ತೋ.

ನಗು ನಿಂತ ಮೇಲೆ ಅವರೇ ವಿಷಯಕ್ಕೆ ಬಂದರು. "ಪುಸ್ತಕ ಅಚ್ಚು ಹಾಕಿಸು. ಆದರೆ ಟೋಪಿಯ ಕವಿತೆಯ ಕೊನೆಯ ಎರಡು ಸಾಲು ತೆಗೆದುಬಿಡು."

"ಆ ಎರಡು ಸಾಲನ್ನೇ ನನ್ನ ಹುಡುಗಿಯರು ಹಾಸ್ಟೆಲ್ಲಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ವಾರ್ಡನ್ ಒರೆಸುತ್ತಾರೆ, ಇವರು ಮತ್ತೆ ಬರೆಯುತ್ತಾರೆ. ಅವುಗಳನ್ನು ಹೇಗೆ ತೆಗೆಯಲಿ?"

"ಅದನ್ನು ಬರೆದಾಗ ನಾನೂ ಅವರ ವಯಸ್ಸಿನವಳೇ. ಸ್ವಾತಂತ್ರ್ಯ ಬಂತು. ಊರಿಗೆ ಓಡಿದೆ, ಬೀದಿಯಲ್ಲಿ ಕುಣಿದೆ. ಕೆಲವು ವರ್ಷದಲ್ಲಿ ನಮ್ಮವರೇ ಟೋಪಿ ಹಾಕಿಕೊಂಡು ಬಂದು, ಮಾತಾಡಬೇಡ ಅಂದರು. ಮತ್ತೆ ಇಲ್ಲಿಗೆ ಬಂದೆ. ಆ ಎರಡು ಸಾಲು ಸುಳ್ಳಾದವು. ನಿನ್ನ ಹುಡುಗಿಯರಿಗೆ ನಾನೇಕೆ ಸುಳ್ಳು ಹೇಳಲಿ?"

ಒಪ್ಪಿದರೆ ಪುಸ್ತಕ ಉಂಟು, ಪದ್ಯಕ್ಕೆ ಜೀವವಿಲ್ಲ. ಒಪ್ಪದಿದ್ದರೆ ಎರಡೂ ಇಲ್ಲ. ಆಗ ಸಾರಾ, ಕಾಲು ಮಡಚಿ ಸೋಫಾದ ಮೂಲೆಯಲ್ಲಿ ಕೂತಿದ್ದವಳು, ಸ್ವೀಡಿಷ್‌ನಲ್ಲಿ ಏನೋ ಅಂದಳು. ಅಮೇಲಿಯಾ ಅವರ ಮುಖ ಒಮ್ಮೆಲೇ ಬದಲಾಯಿತು. ಈ ಹುಡುಗಿಯೂ ಎಡವಿದಳೇ ಎಂದು ನಾನು ಗಾಬರಿಯಿಂದ ಅವಳ ಕೈ ಹಿಡಿದೆ.

"ಏನಂದಿ?"

"ಏನಿಲ್ಲ ಸುಮಿತ್ರಾ. ಬರಿದಲೆಯಲ್ಲಿ ಬಂದರೆ ಮಾತ್ರ ಗುರುತು ಹಿಡೀತೀನಿ ಅಂತ ಇವರೇ ಬರೆದಿದ್ದಾರೆ ಅಲ್ವಾ? ಟೋಪಿ ಹಾಕ್ಕೊಂಡು ಬಂದಿದ್ದು ಬೇರೆ ಯಾರೋ. ಇವರು ಕರೆದಿದ್ದು ಇನ್ನೂ ಬಂದೇ ಇಲ್ಲ. ಮತ್ತೆ ಸುಳ್ಳು ಹೇಗಾಗತ್ತೆ, ಅಂದೆ."

ಅಮೇಲಿಯಾ ಎದ್ದು ಕಿಟಕಿಯ ಬಳಿ ಹೋದರು. ಬೆನ್ನು ನಮ್ಮ ಕಡೆ. ತಿರುಗಿದಾಗ ಕೆನ್ನೆ ಒದ್ದೆಯಾಗಿತ್ತು. ಧ್ವನಿಯಲ್ಲಿ ಮಾತ್ರ ಸಿಟ್ಟು.

"ಈ ವಯಸ್ಸಿನಲ್ಲಿ ನನ್ನನ್ನು ಮತ್ತೆ ಬಾಗಿಲು ಕಾಯಲು ಕೂರಿಸುತ್ತಿದ್ದೀಯಲ್ಲ ಹುಡುಗಿ!"

ಸಾರಾ ತಬ್ಬಿಬ್ಬಾಗಿ ಕ್ಷಮೆ ಕೇಳಿದಳು. ಅಮೇಲಿಯಾ ಬಂದು ಅವಳ ಮುಂದೆ ನಿಂತು, ಕೈ ಮುಂದೆ ಚಾಚಿ, ಮುಟ್ಟುವ ಮೊದಲು ತಡೆದು ಏನೋ ಕೇಳಿದರು. ಸಾರಾ ತಲೆಯಾಡಿಸಿದಳು. ಆಮೇಲೆ ಆ ಅಜ್ಜಿ ಅವಳ ಬರಿಯ ತಲೆಯ ಮೇಲೆ ಅಂಗೈ ಇಟ್ಟು, ನನ್ನ ಕಡೆ ನೋಡಿದರು.

"ಆ ಎರಡು ಸಾಲು ಇರಲಿ," ಎಂದರು. "ನಿನ್ನ ಹಾಸ್ಟೆಲ್ಲಿನ ಹುಡುಗಿಯರಿಗೆ ಹೇಳು. ಆ ಬಿಡುಗಡೆ ಬರಿದಲೆಯಲ್ಲಿ ಬಂದರೆ ನನಗೂ ಒಂದು ಮಾತು ತಿಳಿಸಬೇಕಂತೆ ಅಂತ."